ಟಗರು ಎತ್ತರ ಇದೆ, ಮರಿಗಳಲ್ಲಿ ಮಾಂಸ ಕಮ್ಮಿ. ಮಾರಿಬಿಡಲಾ?

ಶಿರಾ ಮಂದೆ: ನಮ್ಮಲ್ಲಿ 40 ಕುರಿ ಇವೆ. ಹೋದ ವರ್ಷ ಅಕ್ಕಿರಾಂಪುರ ಸಂತೆಯಲ್ಲಿ ಬಿತ್ತನೆಗೆ ಅಂತ ಒಂದು ಟಗರು ತಂದೆ. ಒಳ್ಳೆ ಎತ್ತರ, ಸುರುಳಿ ಕೊಂಬು. ಈಗ ಅದರ ಮರಿಗಳು ಆರು ತಿಂಗಳಿಗೆ 22 ಕೆಜಿ ತೂಗುತ್ತವೆ, ಕೊಯ್ದರೆ ಮಾಂಸ 9 ಕೆಜಿ ದಾಟಲ್ಲ. ಹಳೇ ಟಗರಿನ ಮರಿ 19 ಕೆಜಿಗೇ ಅಷ್ಟು ಕೊಡುತ್ತಿತ್ತು. ಮಟನ್ ಅಂಗಡಿಯವರು ‘ಬರೀ ಕಾಲು, ಮೂಳೆ’ ಅಂತ ರೇಟು ಇಳಿಸಿದ್ದಾರೆ.

ಮಧುಗಿರಿ ರೊಪ್ಪ: ತಡೀರಿ ಅಣ್ಣ. ತೂಗಿದ್ದು ಯಾವಾಗ? ಮೇಯ್ದು ನೀರು ಕುಡಿದು ಬಂದ ಮೇಲಾ?

ಶಿರಾ ಮಂದೆ: ಹೌದು, ಸಂಜೆ. ಹಳೇ ಮರಿಗಳನ್ನ ಬೆಳಗ್ಗೆ ಬಿಡೋಕೆ ಮುಂಚೆ ತೂಗುತ್ತಿದ್ದೆ.

ಮಧುಗಿರಿ ರೊಪ್ಪ: ಹಾಗಾದರೆ ಒಂದು ಕೆಜಿ ಮೇಲೆ ಹೊಟ್ಟೆಯೊಳಗಿನ ಮೇವೇ ಇರುತ್ತೆ. ರಾತ್ರಿ ಏನೂ ಹಾಕದೆ ಬೆಳಗ್ಗೆ ತೂಗಿ ನೋಡಿ. ಒಂಟಿ ಮರಿಗೆ ಒಂಟಿ ಮರಿಯನ್ನೇ ಹೋಲಿಸಿ. ಅವಳಿ ಮರಿಗಳಿಗೆ ಹಾಲು ಹಂಚಿಹೋಗಿರುತ್ತೆ, ಅದು ಟಗರಿನ ತಪ್ಪಲ್ಲ.

ಆಮೇಲೆ ಟಗರನ್ನು ಹಿಂದಿನಿಂದ ನೋಡಿ. ಮುಂದಿನಿಂದ ನೋಡಿದರೆ ಕೊಂಬಿಗೇ ಮರುಳಾಗ್ತೀವಿ, ಕೊಂಬನ್ನ ಯಾರೂ ಸಾರಿಗೆ ಹಾಕಲ್ಲ ಅಲ್ವಾ! ಮಾಂಸಕ್ಕೆ ಹೆಸರಾದ ಬಂಡೂರು ತಳಿಯ ಟಗರಿನ ಹಿಂಗಾಲುಗಳ ನಡುವೆ ಬೋರಲಿಟ್ಟ ಕುದುರೆ ಲಾಳದ ಆಕಾರ ಕಾಣುತ್ತೆ, ತೊಡೆ ಕೆಳಗಿನವರೆಗೂ ತುಂಬಿರುತ್ತೆ. ಕೊನೇ ಪಕ್ಕೆಲುಬಿನ ಹಿಂದೆ, ಬೆನ್ನುಮೂಳೆಯ ಎರಡೂ ಬದಿ ಬೆರಳು ಒತ್ತಿ. ಮೂಳೆ ಚೂಪಾಗಿ ಚುಚ್ಚಿದರೆ ಅಲ್ಲಿ ಮಾಂಸ ಕೂತಿಲ್ಲ. ಆದರೆ ಕುರಿಗಳಿಗೆ ಬಿಟ್ಟ ಕಾಲದಲ್ಲಿ ಎಂಥ ಟಗರೂ ಸೊರಗುತ್ತೆ. ಒಂದೆರಡು ತಿಂಗಳು ಬೇರೆ ಕಟ್ಟಿ, ಮೇಯಿಸಿ, ಆಮೇಲೆ ಮುಟ್ಟಿ ನೋಡಿ.

ಶಿರಾ ಮಂದೆ: ಎರಡು ತಿಂಗಳಾದ ಮೇಲೆ ಬರೀತಿದ್ದೀನಿ. ಹಸಿದ ಹೊಟ್ಟೆಯಲ್ಲಿ ಅದೇ ಥರದ ಮರಿ 20.8 ಕೆಜಿ ಬಂತು, ಮಾಂಸ 9. ಅಂದರೆ ತೂಕದಲ್ಲಿ ಮಾಂಸ ನೂರಕ್ಕೆ 41 ಇದ್ದದ್ದು 43 ಆಯ್ತು. ಹಳೇ ಟಗರಿನ ಮರಿಗಳದ್ದು 47 ಇತ್ತು. ಟಗರಿನ ಬೆನ್ನು ಈಗಲೂ ಗರಗಸದ ಹಾಗೇ ಇದೆ, ತೊಡೆ ಸಂದು ಕಿರಿದು.

ಮಧುಗಿರಿ ರೊಪ್ಪ: ಹಾಗಾದರೆ ಮಾರಿ. ಇಂಥ ಮೈಕಟ್ಟು ಮರಿಗಳಿಗೆ ಚೆನ್ನಾಗೇ ಇಳಿಯುತ್ತೆ.

ಶಿರಾ ಮಂದೆ: ಹಳೇ ಟಗರಿನ ಮಗ ಪಕ್ಕದ ಊರಲ್ಲಿದೆ, ಗಟ್ಟಿಮುಟ್ಟು. ಅದನ್ನೇ ತರಲಾ?

ಪಾವಗಡ ಕುರಿಗಾರ: ನಿಮ್ಮ 40ರಲ್ಲಿ ಆ ಹಳೇ ಟಗರಿನ ಹೆಣ್ಣುಮರಿ ಎಷ್ಟಿವೆ?

ಶಿರಾ ಮಂದೆ: ಅಯ್ಯೋ, 12 ಇವೆ.

ಪಾವಗಡ ಕುರಿಗಾರ: ಎಲ್ಲಾ ನೀವು ತರೋ ಟಗರಿಗೆ ಅಕ್ಕತಂಗಿಯರೇ ಆದವು. ಆ 12ಕ್ಕೆ ಬೇರೆ ಟಗರು ನೋಡಿ. ಉಳಿದ 28ಕ್ಕೆ ಇದೊಂದೇ ಸಾಕು.