ಹಳೇ ಎಲೆಕ್ಟ್ರಾನಿಕ್ ಸಂಗೀತವನ್ನು ಗೆಳೆಯರಿಗೆ ಕೇಳಿಸುವುದು ಹೇಗೆ? ನಿಮ್ಮ ಅನುಭವ ಹೇಳಿ

ಪ್ರಶ್ನೆ (ನವನಗರ, ಹುಬ್ಬಳ್ಳಿ):
ನನಗೆ ಹಳೇ ಎಲೆಕ್ಟ್ರಾನಿಕ್ ಸಂಗೀತ ಅಂದರೆ ಜೀವ. ಮಾಮೂಲಿ ಅಲ್ಲದ ಸಂಗೀತದ ವಿಡಿಯೊಗಳೂ ಇಷ್ಟ. ವಾಟ್ಸಾಪ್ ಗುಂಪಿಗೆ ಲಿಂಕ್ ಹಾಕುತ್ತೇನೆ, ಯಾರೂ ತೆರೆಯುವುದಿಲ್ಲ. ತೆರೆದವರೂ ಅರ್ಧ ನಿಮಿಷಕ್ಕೆ ಮುಚ್ಚುತ್ತಾರೆ. ನಮ್ಮ ಊರಲ್ಲಿ ಇದಕ್ಕೆ ಕಿವಿ ಇಲ್ವಾ? ಅಥವಾ ನಾನು ಹಂಚುವ ರೀತಿ ಬದಲಿಸಬೇಕಾ?

ಮಾಳಮಡ್ಡಿ, ಧಾರವಾಡದಿಂದ:
ಕಿವಿ ಇದೆ ಅಣ್ಣಾ, ಜಾಸ್ತಿಯೇ ಇದೆ. ಮಲ್ಲಿಕಾರ್ಜುನ ಮನ್ಸೂರರನ್ನು, ಗಂಗೂಬಾಯಿ ಹಾನಗಲ್ಲರನ್ನು ಕೇಳುತ್ತಾ ಬೆಳೆದ ಮನೆಗಳಿವು. ತಂಬೂರಿ ಮೀಟುವುದನ್ನೇ ಸುಮ್ನೆ ಕೂತು ಕೇಳುವವರಿಗೆ ಯಂತ್ರದ ನಾದ ಕಷ್ಟ ಅಲ್ಲ. ಯಾವುದರಿಂದ ಶುರು ಮಾಡುತ್ತೀರಿ ಅನ್ನುವುದು ಮುಖ್ಯ.

ನಾನು ಯಾವಾಗಲೂ ಚರಣ್‌ಜಿತ್ ಸಿಂಗ್ ಅವರಿಂದ ಶುರು ಮಾಡುತ್ತೇನೆ. ಮುಂಬೈಯಲ್ಲಿ ಸಿನಿಮಾ ಹಾಡುಗಳಿಗೆ ವಾದ್ಯ ನುಡಿಸುತ್ತಿದ್ದವರು. 1982ರಲ್ಲಿ ಡಿಸ್ಕೊ ತಾಳಕ್ಕೆ ಹತ್ತು ರಾಗಗಳನ್ನು ಕೂರಿಸಿ ಒಂದು ಎಲ್‌ಪಿ ರೆಕಾರ್ಡ್ ಮಾಡಿದರು. ಅದಕ್ಕೆ ಬಳಸಿದ್ದು ರೋಲ್ಯಾಂಡ್ ಕಂಪನಿಯ ಯಂತ್ರಗಳು. ತಾಳಕ್ಕೆ ಟಿಆರ್-808, ಕೆಳಗಿನ ದನಿಯ ಬೇಸ್‌ಗೆ ಟಿಬಿ-303, ರಾಗಕ್ಕೆ ಜ್ಯೂಪಿಟರ್-8. ಆಗ ಅದನ್ನು ಕೇಳಿದವರು ಕಡಿಮೆ. 1987ರಲ್ಲಿ ಶಿಕಾಗೊದ ಹುಡುಗರು ಅದೇ 303 ಹಿಡಿದು ಮಾಡಿದ ರೆಕಾರ್ಡಿನಿಂದ ಆಸಿಡ್ ಹೌಸ್ ಅನ್ನುವ ಕುಣಿತದ ಸಂಗೀತದ ಹೊಸ ಬಗೆಯೇ ಬೆಳೆಯಿತು. 2010ರಲ್ಲಿ ಸಿಂಗ್ ಅವರ ಎಲ್‌ಪಿ ಮತ್ತೆ ಬಿಡುಗಡೆ ಆದಾಗ ಪರದೇಶದವರು ಬೆರಗಾದರು. ಶಿಕಾಗೊದವರಿಗಿಂತ ಐದು ವರ್ಷ ಮುಂಚೆಯೇ ಒಬ್ಬರು ಅಂಥದೇ ಸದ್ದು ಹೊರಡಿಸಿದ್ದರು, ಅದೂ ಯಮನ್, ತೋಡಿ, ಮಾಲಕಂಸ್ ಇಟ್ಟುಕೊಂಡು!

ಹಾರ್ಮೋನಿಯಂ ನುಡಿಸುವ ನಮ್ಮ ಕಾಕಾನಿಗೆ ಏನೂ ಹೇಳದೆ ಅದರಲ್ಲಿನ ಭೈರವ್ ರಾಗ ಹಾಕಿದೆ. "ಭೈರವ ಐತಲ್ಲೋ ಇದು! ಯಾರು ನುಡಿಸ್ಯಾರ?" ಅಂದರು. ಪೂರ್ತಿ ಕೇಳಿದರು. ಆಮೇಲೆ ಕೋಮಲ ರಿಷಭ ಸ್ವರದ ಆಂದೋಲನ (ಮೆಲ್ಲಗೆ ತೂಗುವುದು) ಸಾಲದು ಅಂತ ವಾದಕ್ಕೆ ಕೂತರು. ನನಗೆ ಬೇಕಾಗಿದ್ದೂ ಅದೇ. ತಕರಾರು ತೆಗೆಯುವವರು ಮನಸ್ಸಿಟ್ಟು ಕೇಳಿರುತ್ತಾರೆ.

ಹಾಗಾಗಿ ಗುಂಪಿಗೆ ಹಾಕಬೇಡಿ. ಒಬ್ಬರಿಗೆ, ಅವರ ಕಿವಿ ಎಂಥದು ಅಂತ ಯೋಚಿಸಿ, ಒಂದೇ ಒಂದು ಕಳಿಸಿ. ಏನನ್ನು ಗಮನಿಸಬೇಕು ಅಂತ ಜೊತೆಗೆ ಎರಡು ಸಾಲು ಬರೆಯಿರಿ. ಇಷ್ಟಪಟ್ಟರೆ ಮುಂದಿನದನ್ನು ಅವರೇ ಕೇಳುತ್ತಾರೆ.

ಗದಗಿನಿಂದ:
ಧಾರವಾಡದ ಅಕ್ಕಾವರ ಮಾತು ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಎಲ್ಲವನ್ನೂ ರಾಗದ ಮೂಲಕವೇ ತೋರಿಸಿದರೆ ಜನ ಅದನ್ನು ಅರೆಬೆಂದ ರಾಗ ಅಂತಲೇ ಅಳೆಯುತ್ತಾರೆ. ಸಂಗೀತ ಕಲಿಸುವ ವೀರೇಶ್ವರ ಪುಣ್ಯಾಶ್ರಮದ ಊರಲ್ಲಿರುವ ನನಗೆ ಇದು ಚೆನ್ನಾಗಿ ಗೊತ್ತು. ಇಲ್ಲಿ ಸ್ವರ ಸ್ವಲ್ಪ ಆಚೀಚೆ ಆದರೂ ಹಿಡಿಯುತ್ತಾರೆ. ಕೆಲವನ್ನು ಬರೀ ಸದ್ದಾಗಿ ಕೇಳಬೇಕು, ಕೇಳಿಸಬೇಕು.

ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಟೇಪುಗಳನ್ನು ಕೇಳಿದ್ದೀರಾ? 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅಲ್ಲಿ ಒಂದು ಮೂಗ್ ಸಿಂಥಸೈಜರ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಯಂತ್ರ) ಇಟ್ಟು ಸ್ಟುಡಿಯೊ ಕಟ್ಟಿಕೊಟ್ಟರು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಜಿನ್‌ರಾಜ್ ಜೋಶಿಪುರ ಮೊದಲಾದವರು ಅದರಲ್ಲಿ ಕೆಲಸ ಮಾಡಿದರು. ಆ ಟೇಪುಗಳು ದಶಕಗಟ್ಟಲೆ ಸಂಸ್ಥೆಯ ಸಂಗ್ರಹದಲ್ಲೇ ಉಳಿದವು. ಕಲಾವಿದ ಪಾಲ್ ಪರ್ಗಸ್ ಹುಡುಕಿ ತೆಗೆದ ಮೇಲೆ, 2023ರಲ್ಲಿ ಆಲ್ಬಮ್ ಆಗಿ ಬಂದವು. ಅದರಲ್ಲಿ ತಾಳ, ಆಲಾಪ ಹುಡುಕಬೇಡಿ. ಹೊಸ ಯಂತ್ರ ಕೈಗೆ ಸಿಕ್ಕವರು ಅದನ್ನು ತಿರುಗಿಸಿ, ತಡೆದು, ಬಿಟ್ಟು ನೋಡುವ ಖುಷಿ ಕೇಳಿಸುತ್ತದೆ. ನಮ್ಮ ದೇಶದಲ್ಲಿ ಆಗಲೇ ಇದೆಲ್ಲಾ ನಡೆದಿತ್ತು ಅಂತ ನನಗೆ ಇವತ್ತಿಗೂ ರೋಮಾಂಚನ.

ಗದಗ ರೋಡ್, ಹುಬ್ಬಳ್ಳಿಯಿಂದ:
ನೀವು ಹುಬ್ಬಳ್ಳಿಯವರು. ಅಂದಮೇಲೆ ರೈಲಿನಿಂದಲೇ ಶುರು ಮಾಡಿ! ಪಿಯರ್ ಶೆಫರ್ ಅನ್ನುವವರು 1948ರಲ್ಲಿ ಪ್ಯಾರಿಸ್ಸಿನ ಒಂದು ಸ್ಟೇಷನ್ನಿನಲ್ಲಿ ಉಗಿಬಂಡಿ, ಗಾಲಿ, ಸೀಟಿಗಳ ಸದ್ದು ಹಿಡಿದು, ಅದನ್ನೇ ಜೋಡಿಸಿ ಮೂರು ನಿಮಿಷದ ಕೃತಿ ಮಾಡಿದರು. ಟೇಪ್ ಕೂಡ ಇಲ್ಲ, ಬರೀ ಗ್ರಾಮಫೋನ್ ತಟ್ಟೆಗಳಲ್ಲಿ. ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿ ರಿಟೈರ್ ಆದ ನಮ್ಮಪ್ಪಗೆ ಕೇಳಿಸಿದೆ. ಎಲ್ಲಿ ಬಂಡಿ ಹೊರಟಿತು, ಎಲ್ಲಿ ಹಳಿಯ ಸಂದು ದಾಟಿತು ಅಂತ ಬೆರಳೆತ್ತಿ ತೋರಿಸುತ್ತಾ ಕೇಳಿದರು. ಒಂದೇ ಸದ್ದು ಮತ್ತೆ ಮತ್ತೆ ಬರುವಲ್ಲಿ, "ಇಲ್ಲಿ ತಟ್ಟಿ ಸಿಕ್ಕೊಂಡೈತಿ" ಅಂದರು. ಅವರಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ.

ಹಾವೇರಿಯಿಂದ:
ನಾನು ಶಾಲೆಯಲ್ಲಿ ವಿಜ್ಞಾನ ಹೇಳುತ್ತೇನೆ. ಮಕ್ಕಳಿಗೆ ವಿಡಿಯೊ ಜೊತೆ ಕೊಟ್ಟರೆ ಬೇಗ ಹತ್ತುತ್ತದೆ. ಎರಡು ತೋರಿಸಿದ್ದೇನೆ. ಒಂದು, ಕ್ಲಾರಾ ರಾಕ್‌ಮೋರ್ ಅನ್ನುವವರು ಥೆರಮಿನ್ ಎಂಬ ವಾದ್ಯ ನುಡಿಸುವುದು. ವಾದ್ಯ ಮುಟ್ಟುವುದೇ ಇಲ್ಲ, ಎರಡು ಆಂಟೆನಾಗಳ ಹತ್ತಿರ ಕೈ ಆಡಿಸುತ್ತಾರೆ. ಒಂದರಿಂದ ಸ್ವರ ಏರಿಳಿಯುತ್ತದೆ, ಇನ್ನೊಂದರಿಂದ ದನಿ ಜೋರು, ಮೆಲ್ಲಗೆ. ರಷ್ಯಾದ ಲೆವ್ ಥೆರಮಿನ್ 1920ರ ಹೊತ್ತಿಗೆ ಮಾಡಿದ ವಾದ್ಯ ಅದು. ಇನ್ನೊಂದು, ಕೆನಡಾದ ನಾರ್ಮನ್ ಮೆಕ್‌ಲಾರೆನ್ ಅವರ 1971ರ ಸಿಂಕ್ರೊಮಿ ಅನ್ನುವ ಚಿತ್ರ. ಫಿಲ್ಮಿನ ಅಂಚಿನಲ್ಲಿ ಸದ್ದಿಗಾಗಿ ಮೂಡಿಸಿದ ಪಟ್ಟಿಗಳನ್ನೇ ಬಣ್ಣ ಕೊಟ್ಟು ತೆರೆಯ ಮೇಲೂ ಇಟ್ಟಿದ್ದಾರೆ. ನೋಡುತ್ತಿರುವುದೇ ಕೇಳಿಸುತ್ತದೆ! ಮಕ್ಕಳು ಇನ್ನೊಮ್ಮೆ ಹಾಕಿ ಸರ್ ಅಂತ ಬಿಡಲೇ ಇಲ್ಲ.

ಒಂದು ಮಾತು ಯಾರೂ ಹೇಳಿಲ್ಲ. ಮೊಬೈಲ್ ಸ್ಪೀಕರಿನಲ್ಲಿ ಕೆಳಗಿನ ಸ್ವರಗಳು ಕೇಳುವುದೇ ಇಲ್ಲ. 303ರ ಬೇಸ್ ಅರ್ಧಕ್ಕರ್ಧ ಹೋಗಿಬಿಡುತ್ತದೆ, ಉಳಿದದ್ದು ಕಿರಿಕಿರಿ. ನಿಮ್ಮವರು ಅರ್ಧ ನಿಮಿಷಕ್ಕೆ ಮುಚ್ಚಲು ಇದೂ ಕಾರಣ ಇರಬಹುದು. ಇಯರ್‌ಫೋನ್ ಹಾಕಿಕೊಳ್ಳಿ ಅಂತ ಬರೆದೇ ಕಳಿಸಿ. ವಾಟ್ಸಾಪಿನಲ್ಲಿ ವಿಡಿಯೊ ಹಾಗೇ ಕಳಿಸಿದರೆ ಅದು ಕುಗ್ಗಿ ಸದ್ದು, ಚಿತ್ರ ಎರಡೂ ಕೆಡುತ್ತವೆ. ಮೂಲದ ಲಿಂಕೇ ಕೊಡಿ. ಇಳಿಸಿಕೊಂಡು ನಿಮ್ಮ ಚಾನೆಲ್ಲಿಗೆ ಹಾಕುವುದಂತೂ ಬೇಡ. ನಮ್ಮ ಕಾಯಿದೆಯಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾಗಿ 60 ವರ್ಷ ಇರುತ್ತದೆ, ಸಂಗೀತ ಕಟ್ಟಿದವರ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ. 1982ರ ಎಲ್‌ಪಿಗೆ ಎರಡೂ ಇನ್ನೂ ಮುಗಿದಿಲ್ಲ. ಮಾಡಿದವರ ಹೆಸರು, ವರ್ಷ, ಊರು ಮೂರನ್ನೂ ಲಿಂಕಿನ ಕೆಳಗೆ ತಪ್ಪದೆ ಬರೆಯಿರಿ.