ಇಸಿಎಂ (ಎಂಜಿನ್ ನಡೆಸೋ ಕಂಪ್ಯೂಟರ್) ಹೋಗಿದೆ ಅಂತಿದ್ದಾರೆ, ಹೊಸದು ಹಾಕಿಸೋ ಮುಂಚೆ ಏನೇನು ನೋಡಬೇಕು? ಅನುಭವ ಇರೋರು ಹೇಳಿ

ಸಂಡೂರಿನಿಂದ, ಮಷಿನ್ ಮಾಲೀಕ:

ಎಲ್ಲರಿಗೂ ನಮಸ್ಕಾರ. ನನ್ನದು 20 ಟನ್ನಿನ ಎಕ್ಸ್‌ಕವೇಟರ್. ಆರು ಸಿಲಿಂಡರಿನ ಕಾಮನ್ ರೈಲ್ ಎಂಜಿನ್ (ಎಲ್ಲ ಇಂಜೆಕ್ಟರ್‌ಗೂ ರೈಲ್ ಅನ್ನೋ ಒಂದೇ ಪೈಪಿನಿಂದ ಹೆಚ್ಚು ಪ್ರೆಷರಿನ ಡೀಸೆಲ್ ಹೋಗೋದು), 24 ವೋಲ್ಟ್. ಬಕೆಟ್ ವೆಲ್ಡಿಂಗ್ ಮಾಡಿಸಿ ಪ್ರೆಷರ್ ವಾಷ್ ಹೊಡೆಸಿದ ವಾರದಲ್ಲೇ ಕೆಲಸದ ಮಧ್ಯೆ ಆಫ್ ಆಗೋಕೆ ಶುರುವಾಯ್ತು. ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಆಗುತ್ತೆ. ಬಿಸಿಯಾದ ಮೇಲೆ ನಿಂತುಬಿಡುತ್ತೆ, ಆಮೇಲೆ ಎಷ್ಟು ಸೆಲ್ಫ್ ಹೊಡೆದರೂ ಹತ್ತಲ್ಲ. ಕೋಡ್ ನೋಡಿದರೆ ಎಸ್‌ಪಿಎನ್ 3509, ಎಫ್‌ಎಂಐ 4, ಅದರ ಜೊತೆ ನಾಲ್ಕೈದು ಸೆನ್ಸರ್ ಕೋಡ್. ಮೆಕ್ಯಾನಿಕ್ ‘ಇಸಿಎಂ ಸತ್ತಿದೆ, ಹೊಸದೇ ಆಗಬೇಕು’ ಅಂತಾರೆ. ಇನ್ನೊಬ್ಬರು ಗುಜರಿಯಿಂದ ಹಳೇದು ತಂದು ಹಾಕಿಕೊಡ್ತೀನಿ ಅಂತಾರೆ. ಮಷಿನ್ ಕಂತು ನಿಂತಿಲ್ಲ, ಕೆಲಸ ನಿಂತಿದೆ. ದಾರಿ ತೋರಿಸಿ.

ಹೊಸಪೇಟೆಯಿಂದ, ಹೆವಿ ವೆಹಿಕಲ್ ಎಲೆಕ್ಟ್ರಿಷಿಯನ್:

ಅಣ್ಣ, ದುಡ್ಡು ಕೊಡಬೇಡಿ, ತಡೀರಿ. ಒಂದೇ ಸಲಕ್ಕೆ ನಾಲ್ಕೈದು ಸೆನ್ಸರ್ ಕೆಡೋದಿಲ್ಲ. ಆ ಸೆನ್ಸರ್‌ಗಳಿಗೆಲ್ಲ ಇಸಿಎಂ ಒಂದೇ ಕಡೆಯಿಂದ 5 ವೋಲ್ಟ್ ಕೊಡುತ್ತೆ. ಎಸ್‌ಪಿಎನ್ ಅಂದರೆ ತೊಂದರೆ ಯಾವುದರಲ್ಲಿ, ಎಫ್‌ಎಂಐ ಅಂದರೆ ಎಂಥ ತೊಂದರೆ. 3509 ಅಂದರೆ ಆ ಸಪ್ಲೈ, ಎಫ್‌ಎಂಐ 4 ಅಂದರೆ ವೋಲ್ಟೇಜ್ ಕಮ್ಮಿ. ಕಮಿನ್ಸ್ ಎಂಜಿನ್‌ನಲ್ಲಿ ಇದೇ ಕೋಡ್ 352, ಕೊಮಾಟ್ಸು ಮಷಿನ್‌ನಲ್ಲಿ ಸಿಎ352. ಒಂದು ಸೆನ್ಸರ್ ಒಳಗೇ ಶಾರ್ಟ್ ಆದರೂ, ಒಂದು ವೈರ್ ಎಂಜಿನ್ ಬ್ಲಾಕ್‌ಗೆ ತಾಗಿದರೂ 5 ವೋಲ್ಟ್ ಕುಸಿಯುತ್ತೆ, ಆ ಲೈನಲ್ಲಿರೋ ಎಲ್ಲ ಸೆನ್ಸರ್ ಒಟ್ಟಿಗೆ ದೂರು ಹೇಳುತ್ತವೆ. ಇಸಿಎಂ ಒಳಗೇ ಕೆಟ್ಟಿದೆ ಅಂತ ಅದೇ ಹೇಳಿಕೊಳ್ಳೋ ಕೋಡ್ ಬೇರೆ: ಎಸ್‌ಪಿಎನ್ 629, ಎಫ್‌ಎಂಐ 12. ಕಮಿನ್ಸ್‌ನಲ್ಲಿ 111, ಕೊಮಾಟ್ಸುನಲ್ಲಿ ಸಿಎ111. ನಿಮ್ಮ ಪಟ್ಟಿಯಲ್ಲಿ ಅದು ಇಲ್ಲ.

ಕೀ ಆನ್ ಇಟ್ಟು ಯಾವುದಾದರೂ ಪ್ರೆಷರ್ ಸೆನ್ಸರ್ ಕನೆಕ್ಟರ್‌ನಲ್ಲಿ 5 ವೋಲ್ಟ್ ಅಳೆಯಿರಿ. ಕಮ್ಮಿ ಇದ್ದರೆ ಮೀಟರ್ ಹಾಗೇ ಹಿಡಿದುಕೊಂಡು ಉಳಿದ ಸೆನ್ಸರ್‌ಗಳನ್ನ ಒಂದೊಂದಾಗಿ ಕಳಚಿ. ಯಾವುದನ್ನ ಕಳಚಿದಾಗ 5ಕ್ಕೆ ಏರುತ್ತೋ ಅದೇ ಕಳ್ಳ. ಎಲ್ಲ ಕಳಚಿದರೂ ಏರದಿದ್ದರೆ ಇಸಿಎಂನ ಎಂಜಿನ್ ಕಡೆಯ ದೊಡ್ಡ ಕನೆಕ್ಟರ್ ತೆಗೆದು ಬೋರ್ಡಿನ ಪಿನ್ನಲ್ಲೇ ನೋಡಿ. ಈ ದೊಡ್ಡ ಕನೆಕ್ಟರ್ ತೆಗೆಯುವಾಗ, ಹಾಕುವಾಗ ಕೀ ಆಫ್ ಇರಲಿ. ಅಲ್ಲಿ 5 ಬಂದರೆ ತಪ್ಪು ಹಾರ್ನೆಸ್‌ನದು, ಅಂದರೆ ವೈರಿಂಗ್ ಕಟ್ಟಿನದು. ಅಲ್ಲೂ ಬರದಿದ್ದರೆ ಆಗ ಇಸಿಎಂ ಮೇಲೆ ಅನುಮಾನ ಪಡಿ.

ಇನ್ನೊಂದು ಮುಖ್ಯ ವಿಷಯ, ಬಹಳ ಜನ ಇಲ್ಲೇ ಎಡವುತ್ತಾರೆ. ಇಸಿಎಂ ಪವರ್ ವೈರ್‌ಗೆ ಮೀಟರ್ ಇಟ್ಟು ‘24 ಬರ್ತಿದೆ, ಸಪ್ಲೈ ಸರಿ ಇದೆ’ ಅಂತ ಮುಂದೆ ಹೋಗ್ತಾರೆ. ಒಳಗೆಲ್ಲ ಹಸಿರು ಕಟ್ಟಿ ಒಂದೇ ಎಳೆ ಉಳಿದಿರೋ ವೈರ್ ಕೂಡ ಮೀಟರ್‌ಗೆ 24 ತೋರಿಸುತ್ತೆ, ಯಾಕೆಂದರೆ ಮೀಟರ್ ಕರೆಂಟ್ ಎಳೆಯೋದೇ ಇಲ್ಲ. 24 ವೋಲ್ಟ್, 70 ವ್ಯಾಟಿನ ಹೆಡ್‌ಲೈಟ್ ಬಲ್ಬ್ ತಗೊಂಡು ಇಸಿಎಂ ಕನೆಕ್ಟರ್‌ನ ಪ್ಲಸ್, ಮೈನಸ್ ನಡುವೆ ಹಾಕಿ. ಸುಮಾರು 3 ಆಂಪಿಯರ್ ಎಳೆಯುತ್ತೆ. ಬಲ್ಬ್ ಜಗ್ ಅಂತ ಉರಿಯಬೇಕು. ಮಂಕಾಗಿದ್ದರೆ ಫ್ಯೂಸ್, ಮೇನ್ ರಿಲೇ, ಕಟ್ಆಫ್ ಸ್ವಿಚ್, ಅರ್ತ್ ಪಾಯಿಂಟ್, ಇವಿಷ್ಟರಲ್ಲಿ ಎಲ್ಲೋ ತೊಂದರೆ. ಬಲ್ಬ್ ಉರಿಯುತ್ತಿರುವಾಗಲೇ ಬ್ಯಾಟರಿ ಮೈನಸ್ಸಿನಿಂದ ಇಸಿಎಂ ಮೈನಸ್ ಪಿನ್ನಿಗೆ ಅಳೆದು ನೋಡಿ, 0.2 ವೋಲ್ಟ್ ದಾಟಬಾರದು. ಪಿನ್ನಿನೊಳಗೆ ಮೀಟರಿನ ದಪ್ಪ ಪ್ರೋಬ್ ಮಾತ್ರ ತುರುಕಬೇಡಿ. ಪಿನ್ ಅಗಲವಾದರೆ ಇಲ್ಲದ ರೋಗ ಹತ್ತುತ್ತೆ.

ಇಳಕಲ್ಲಿನಿಂದ, ಗ್ರಾನೈಟ್ ಕ್ವಾರಿ ಫೋರ್‌ಮನ್:

ಅಣ್ಣಾರ ಹೇಳಿದ್ದು ಖರೆ ಐತ್ರಿ. ನಮ್ಮ ಕ್ವಾರಿಯಾಗ ಇಸಿಎಂ ಹೋಗ್ಯಾವ ಅಂದ ಮಷಿನ್ನಾಗ ಹೆಚ್ಚಿನವು ವೈರಿಂಗ್‌ದಾಗ ಸಿಕ್ಕಾವ. ಕ್ಲಿಪ್ ಮುರದಿರ್ತದ, ವೈರ್ ಜೋತಾಡಿ ಬ್ರಾಕೆಟ್ಟಿಗೆ ತಿಕ್ಕಿ ತಿಕ್ಕಿ ತಾಮ್ರ ಹೊರಗ ಬಂದಿರ್ತದ. ಎಂಜಿನ್ ಹಿಂದಿನ ಬಾಜೂ, ಟರ್ಬೋ ಕೆಳಗ, ಸ್ಟಾರ್ಟರ್ ಹತ್ರ ಕೈ ಹಾಕಿ ನೋಡ್ರಿ. ಕಣ್ಣಿಗೆ ಕಾಣಂಗಿಲ್ಲ, ಬೆರಳಿಗೆ ಸಿಗ್ತದ. ಕನೆಕ್ಟರ್ ಬಿಚ್ಚಿದಾಗ ಒಳಗ ಎಣ್ಣಿ ಇದ್ರ ಅದು ಬಹಳ ಸಲ ಮ್ಯಾಲಿಂದ ಬಿದ್ದದ್ದಲ್ರಿ, ಸೆನ್ಸರ್ ಒಡದು ವೈರಿನ ಎಳಿಯೊಳಗಿಂದ ಏರಿ ಬಂದದ್ದು. ಒರಸಿ ಹಾಕಿದ್ರ ಮತ್ತ ಬರ್ತದ, ಆ ಸೆನ್ಸರ್ರೇ ಬದಲಿ ಮಾಡ್ರಿ. ಮತ್ತ ಇಸಿಎಂ ಮ್ಯಾಲೆ ಪ್ರೆಷರ್ ವಾಷ್ ಹೊಡಿಯೋ ಹುಡುಗರಿಗೆ ದಯಮಾಡಿ ಬುದ್ಧಿ ಹೇಳ್ರಿ.

ಒಮಾನ್‌ನಿಂದ, ಸರ್ವಿಸ್ ಎಂಜಿನಿಯರ್, ಊರು ಪುತ್ತೂರು:

ಎರಡು ವಿಷಯ ಸೇರಿಸುತ್ತೇನೆ.

ಲ್ಯಾಪ್‌ಟಾಪ್ ಕನೆಕ್ಟ್ ಆಗದಿದ್ದರೂ ಜನ ಇಸಿಎಂ ಸತ್ತಿದೆ ಎನ್ನುತ್ತಾರೆ. ಮೊದಲು ಕ್ಯಾನ್ ಲೈನ್, ಅಂದರೆ ಇಸಿಎಂ, ಮಾನಿಟರ್, ಲ್ಯಾಪ್‌ಟಾಪ್ ಪರಸ್ಪರ ಮಾತಾಡುವ ಎರಡು ವೈರಿನ ಲೈನ್ ನೋಡಿ. ಬ್ಯಾಟರಿ ಕಳಚಿ, 9 ಪಿನ್ನಿನ ಗುಂಡು ಡಯಾಗ್ನೋಸ್ಟಿಕ್ ಸಾಕೆಟ್ ಇದ್ದರೆ ಅದರ ಸಿ ಮತ್ತು ಡಿ ಪಿನ್ನುಗಳ ನಡುವೆ ಓಮ್ಸ್ ಅಳೆಯಿರಿ. ಲೈನಿನ ಎರಡು ತುದಿಯಲ್ಲೂ 120 ಓಮ್ಸ್ ರೆಸಿಸ್ಟರ್ ಇರುವುದರಿಂದ ಒಟ್ಟು 60 ಬರಬೇಕು. 120 ಬಂದರೆ ಒಂದು ರೆಸಿಸ್ಟರ್ ಇಲ್ಲ, ಇಲ್ಲವೇ ವೈರ್ ಕಟ್ಟಾಗಿದೆ. 40 ಬಂದರೆ ಯಾರೋ ಮೂರನೆಯದನ್ನು ಸೇರಿಸಿದ್ದಾರೆ. ಸೊನ್ನೆಯ ಹತ್ತಿರ ಬಂದರೆ ಎರಡೂ ವೈರ್ ಶಾರ್ಟ್. ಜಿಪಿಎಸ್ ಟ್ರ್ಯಾಕರ್ ಹಾಕಿಸಿದ್ದರೆ ಅದನ್ನು ಬಿಡಿಸಿ ಇನ್ನೊಮ್ಮೆ ನೋಡಿ, ಕಂಡಕಂಡಲ್ಲಿ ವೈರ್ ಸುಲಿದು ಜೋಡಿಸಿರುತ್ತಾರೆ.

ಎರಡನೆಯದು ಬಿಸಿಯಾದ ಮೇಲೆ ನಿಲ್ಲುವುದು. ನಿಂತ ತಕ್ಷಣ, ಬಿಸಿ ಇರುವಾಗಲೇ ಸೆಲ್ಫ್ ಹೊಡೆದು ಮಾನಿಟರಿನಲ್ಲಿ ಆರ್‌ಪಿಎಂ ಬರುತ್ತದೆಯೇ ನೋಡಿ. ಸೊನ್ನೆ ಇದ್ದರೆ ಸ್ಪೀಡ್ ಸೆನ್ಸರ್ ಮತ್ತು ಅದರ ವೈರ್ ಮೊದಲು. ಬಿಸಿಗೆ ಕೈಕೊಟ್ಟು ತಣ್ಣಗಾದಾಗ ಸರಿಯಾಗುವುದು ಆ ಸೆನ್ಸರ್‌ಗಳ ಹಳೆಯ ಚಾಳಿ. ಆರ್‌ಪಿಎಂ ಇದ್ದು ರೈಲ್ ಪ್ರೆಷರ್ 200 ಬಾರ್ ಕೂಡ ಏರದಿದ್ದರೆ ಡೀಸೆಲ್ ಕಡೆ ಹುಡುಕಿ: ಫಿಲ್ಟರ್, ಗಾಳಿ, ಇಂಜೆಕ್ಟರ್ ರಿಟರ್ನ್ ಲೀಕ್. ಎರಡೂ ಸರಿ ಇದ್ದು, ಇಂಜೆಕ್ಟರ್ ವೈರಿಂಗೂ ಸರಿ ಇದ್ದು, ಇಂಜೆಕ್ಟರ್ ಹೊಡೆಯುತ್ತಿಲ್ಲ ಎಂದಾದರೆ ಮಾತ್ರ ಇಸಿಎಂ ಒಳಗೆ ಇಂಜೆಕ್ಟರಿಗೆ ಕರೆಂಟ್ ಕೊಡುವ ಡ್ರೈವರ್ ಭಾಗದ ಮೇಲೆ ಕಣ್ಣು ಹಾಕಿ. ಇಂಜೆಕ್ಟರ್ ವೈರಿಗೆ ಮಾತ್ರ ಎಂಜಿನ್ ಓಡುವಾಗ ಕೈ ಹಾಕಬೇಡಿ. ಬ್ಯಾಟರಿ 24 ಇದ್ದರೂ ಕೆಲವು ಎಂಜಿನ್‌ಗಳಲ್ಲಿ ಅಲ್ಲಿ 100 ವೋಲ್ಟ್ ದಾಟುತ್ತದೆ.

ಸಂಡೂರಿನಿಂದ, ಮಷಿನ್ ಮಾಲೀಕ:

ಎಲ್ಲರಿಗೂ ಕೈಮುಗಿದೆ. ಎಲೆಕ್ಟ್ರಿಷಿಯನ್ ಕರೆಸಿ ನೀವು ಹೇಳಿದ ಹಾಗೇ ಮಾಡಿಸಿದೆ. ಸೆನ್ಸರ್ ಎಲ್ಲ ಕಳಚಿದರೂ 5 ವೋಲ್ಟ್ ಏರಲಿಲ್ಲ, ದೊಡ್ಡ ಕನೆಕ್ಟರ್ ತೆಗೆದ ಮೇಲೆ ಬಂತು. ಹುಡುಕಿದರೆ ಎಂಜಿನ್ ಹಿಂದೆ ಬ್ರಾಕೆಟ್ ಹತ್ತಿರ ಹಾರ್ನೆಸ್ ಸವೆದಿತ್ತು. ಇಳಕಲ್ ಸರ್ ಹೇಳಿದ ಜಾಗವೇ. ಸರಿ ಮಾಡಿ ಸ್ಲೀವ್ ಹಾಕಿದ ಮೇಲೆ ಸೆನ್ಸರ್ ಕೋಡ್ ಎಲ್ಲ ಹೋದವು. ಆದರೆ ಬಿಸಿಯಾದ ಮೇಲೆ ನಿಲ್ಲೋದು ಹಾಗೇ ಇದೆ. ನಿಂತಾಗ ಆರ್‌ಪಿಎಂ ತೋರಿಸುತ್ತೆ, ರೈಲ್ ಪ್ರೆಷರ್ ಏರುತ್ತೆ, ಇಂಜೆಕ್ಟರ್ ವೈರಿಂಗ್ ನೋಡಿದ್ದಾಯ್ತು. ಬಲ್ಬ್ ಚೆನ್ನಾಗಿ ಉರಿಯುತ್ತೆ. ಈಗ?

ಬೆಂಗಳೂರಿನಿಂದ, ಇಸಿಎಂ ಬೋರ್ಡ್ ರಿಪೇರಿ ಮಾಡುವವರು:

ಸರ್, ಈಗ ಬೋರ್ಡ್ ಬಿಚ್ಚಿ ನೋಡೋದಕ್ಕೆ ಅರ್ಥ ಇದೆ. ಮುಂಚೆಯೇ ಕಳಿಸಿದ್ದರೆ ನಾನು ಅದನ್ನ ಸರಿ ಮಾಡಿಕೊಟ್ಟರೂ ನಿಮ್ಮ ಹಾರ್ನೆಸ್ ಶಾರ್ಟ್ ಹಾಗೇ ಇರುತ್ತಿತ್ತು.

ನಮ್ಮ ಕೆಲಸ ಹೀಗೆ. ಕರೆಂಟ್ ಮಿತಿ ಇಟ್ಟ ಬೆಂಚ್ ಸಪ್ಲೈನಲ್ಲಿ 24 ವೋಲ್ಟ್ ಕೊಟ್ಟು ಎಷ್ಟು ಎಳೆಯುತ್ತೆ ನೋಡುತ್ತೇವೆ. ಏನೂ ಎಳೆಯದಿದ್ದರೆ ಇನ್‌ಪುಟ್ ದಾರಿ ಕಟ್ಟಾಗಿದೆ. ಮಿತಿಗೆ ಬಡಿದು ನಿಂತರೆ ಹೆಚ್ಚಾಗಿ ಇನ್‌ಪುಟ್‌ನ ರಕ್ಷಣೆಯ ಡಯೋಡ್ ಶಾರ್ಟ್. ಎಂಜಿನ್ ಓಡುವಾಗ ಬ್ಯಾಟರಿ ಕಳಚಿದರೆ ಆಲ್ಟರ್ನೇಟರಿನ ವೋಲ್ಟೇಜ್ ಜಿಗಿಯುತ್ತೆ, ಆಗ ಆ ಡಯೋಡ್ ತಾನು ಸತ್ತು ಬೋರ್ಡನ್ನ ಉಳಿಸುತ್ತೆ. ಅದು ಸುಲಭದ ರಿಪೇರಿ. ಇಂಜೆಕ್ಟರ್‌ಗೆ ಹೆಚ್ಚು ವೋಲ್ಟೇಜ್ ತಯಾರಿಸೋ ಬೂಸ್ಟ್ ಭಾಗದಲ್ಲಿ ಕೆಪಾಸಿಟರ್ ಸೊರಗುತ್ತವೆ, ಭಾರದ ಕಾಯಿಲ್‌ನ ಬೆಸುಗೆ ವೈಬ್ರೇಷನ್‌ಗೆ ಬಿರುಕು ಬಿಡುತ್ತೆ. ತಣ್ಣಗಿದ್ದಾಗ ಬಿರುಕು ಕೂಡಿಕೊಂಡಿರುತ್ತೆ, ಬಿಸಿಗೆ ಬಿಟ್ಟುಕೊಳ್ಳುತ್ತೆ. ನಿಮ್ಮ ಲಕ್ಷಣ ಅದಕ್ಕೆ ಹತ್ತಿರ ಇದೆ. ಹಾಟ್ ಏರ್‌ನಲ್ಲಿ ಬಿಸಿ ಮಾಡಿ, ಕೋಲ್ಡ್ ಸ್ಪ್ರೇ ಹೊಡೆದು ಜಾಗ ಹಿಡಿಯುತ್ತೇವೆ. ಡ್ರೈವರ್ ಮಾಸ್‌ಫೆಟ್ (ಇಂಜೆಕ್ಟರ್ ಕರೆಂಟ್ ಆನ್-ಆಫ್ ಮಾಡೋ ಟ್ರಾನ್ಸಿಸ್ಟರ್) ಸುಟ್ಟಿದ್ದರೆ ಬದಲಿಸಬಹುದು, ಆದರೆ ಆ ಸಿಲಿಂಡರಿನ ಇಂಜೆಕ್ಟರ್ ಕಾಯಿಲ್, ವೈರ್ ಪರೀಕ್ಷೆ ಆಗದೆ ವಾಪಸ್ ಹಾಕಿದರೆ ಹೊಸದೂ ಸುಡುತ್ತೆ.

ಆಗದ ಕೆಲಸವನ್ನೂ ಹೇಳಿಬಿಡುತ್ತೇನೆ. ಕೆಲವು ಇಸಿಎಂ ಸಿರಾಮಿಕ್ ತಟ್ಟೆ ಮೇಲೆ ಕಟ್ಟಿರುತ್ತಾರೆ. ಮೇಲೆ ಮೆತ್ತನೆ ಜೆಲ್, ಒಳಗೆ ಕೂದಲಿಗಿಂತ ತೆಳು ತಂತಿಗಳು. ಮುಟ್ಟಿದರೆ ಕಿತ್ತುಬರುತ್ತವೆ. ನೀರು ನುಗ್ಗಿ ಬೋರ್ಡಿನ ಒಳಪದರ ತಿಂದಿದ್ದರೂ ಕೈ ಹಾಕಬಾರದು. ಇಂಥದ್ದನ್ನ ‘ಮಾಡಿಕೊಡ್ತೀನಿ’ ಅಂದವರ ಹತ್ತಿರ ಕೊಡಬೇಡಿ.

ಗುಜರಿ ಇಸಿಎಂ ಬಗ್ಗೆ: ಕನೆಕ್ಟರ್ ಕೂತರೆ ಸಾಲದು. ಒಳಗಿನ ಕ್ಯಾಲಿಬ್ರೇಷನ್, ಅಂದರೆ ಎಂಜಿನ್‌ಗೆ ತಕ್ಕ ಸೆಟ್ಟಿಂಗ್, ನಿಮ್ಮ ಎಂಜಿನ್ನಿನದ್ದೇ ಆಗಿರಬೇಕು. ಬೇರೆ ಹಾರ್ಸ್‌ಪವರಿನದ್ದು ಬಂದರೆ ಎಂಜಿನ್, ಹೈಡ್ರಾಲಿಕ್ ಪಂಪ್ ಎರಡೂ ಹೊಂದಲ್ಲ. ಇಂಜೆಕ್ಟರ್ ಟ್ರಿಮ್ ಕೋಡ್ (ಒಂದೊಂದು ಇಂಜೆಕ್ಟರಿನ ಸಣ್ಣ ವ್ಯತ್ಯಾಸ ತಿಳಿಸೋ ಕೋಡ್) ಬಳಸೋ ಎಂಜಿನ್ ಆದರೆ ಆ ಕೋಡ್‌ಗಳನ್ನೂ ಹೊಸದಾಗಿ ತುಂಬಬೇಕು, ಇಲ್ಲದಿದ್ದರೆ ಹೊಗೆ, ನಾಕಿಂಗ್. ಹಾಗಾಗಿ ನಿಮ್ಮ ಹಳೇ ಇಸಿಎಂ ಇನ್ನೂ ಮಾತಾಡುತ್ತಿರುವಾಗಲೇ, ಬೆಳಿಗ್ಗೆ ತಣ್ಣಗಿದ್ದಾಗ, ಲ್ಯಾಪ್‌ಟಾಪ್ ಇರುವವರನ್ನ ಕರೆಸಿ ಅದರೊಳಗಿನದ್ದನ್ನೆಲ್ಲ ಸೇವ್ ಮಾಡಿಸಿಟ್ಟುಕೊಳ್ಳಿ. ಇದೊಂದನ್ನ ಇವತ್ತೇ ಮಾಡಿಸಿ.

ಇನ್ನು ವೆಲ್ಡಿಂಗ್. ಬ್ಯಾಟರಿ ಕಳಚಿ, ಇಸಿಎಂ ಕನೆಕ್ಟರ್‌ಗಳನ್ನ ತೆಗೆದಿಟ್ಟು, ಅರ್ತ್ ಕ್ಲಾಂಪನ್ನ ವೆಲ್ಡ್ ಮಾಡೋ ಬಕೆಟ್ ಮೇಲೇ ಹಾಕಿಸಿ. ಟ್ರ್ಯಾಕಿಗೋ ಚಾಸಿಗೋ ಹಾಕಿದರೆ ಕರೆಂಟ್ ಬೂಮ್ ಪಿನ್ನು, ಸ್ಲೂಯಿಂಗ್ ಬೇರಿಂಗ್ (ಮಷಿನ್ನಿನ ಮೇಲ್ಭಾಗ ತಿರುಗೋ ಬೇರಿಂಗ್) ಎಲ್ಲದರ ಮೂಲಕ ಹಾದು, ಸಿಕ್ಕ ವೈರಿಂಗಿನಲ್ಲೂ ನುಗ್ಗುತ್ತೆ.

ಕಳಿಸುವಾಗ ಕೀ ಆಫ್ ಮಾಡಿ ಒಂದೆರಡು ನಿಮಿಷ ಬಿಟ್ಟು ಬ್ಯಾಟರಿ ಕಳಚಿ, ಆಫ್ ಆದಮೇಲೂ ಇಸಿಎಂ ಮೆಮೊರಿಗೆ ಬರೆಯುತ್ತಿರುತ್ತೆ. ಇಸಿಎಂ ಲೇಬಲ್, ಎಂಜಿನ್ ನಂಬರ್ ಪ್ಲೇಟ್, ಇಂಜೆಕ್ಟರ್ ಮೇಲಿನ ಕೋಡ್ ಕಾಣುವಂತಿದ್ದರೆ ಅದು, ಎಲ್ಲದರ ಫೋಟೋ ಜೊತೆಗಿಡಿ. ನಿಮ್ಮ ಎಲೆಕ್ಟ್ರಿಷಿಯನ್ ಅಳೆದ ಲೆಕ್ಕಗಳನ್ನ ಒಂದು ಚೀಟಿಯಲ್ಲಿ ಬರೆದು ಡಬ್ಬಿಗೆ ಅಂಟಿಸಿ. ಮುಚ್ಚಳ ಬಿಚ್ಚಿ ನೋಡೋ ಆಸೆ ಬೇಡ, ಸೀಲ್ ಹಾಗೇ ಇರಲಿ.