ಬಸವಣ್ಣನವರ 5 ರೂಪಾಯಿ ನಾಣ್ಯ 9 ಗ್ರಾಂ ತೂಗುತ್ತಿದೆ, ಎರರ್ ಕಾಯಿನ್ ಇರಬಹುದಾ?

ಸಂಚಿಯ ಮೊಮ್ಮಗಳು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ನಮ್ಮಜ್ಜಿ ತೀರಿಕೊಂಡರು. ಅವರ ಎಲೆಅಡಿಕೆ ಸಂಚಿಯಲ್ಲಿ ಒಂದಿಷ್ಟು ಚಿಲ್ಲರೆ ಸಿಕ್ಕಿತು. ಅದರಲ್ಲಿ ಬಸವಣ್ಣನವರ ಚಿತ್ರವಿರುವ 5 ರೂಪಾಯಿ ನಾಣ್ಯ ಎರಡು. ಅಚ್ಚು ಒಂದೇ, ಆದರೆ ಒಂದು ಕೈಗೇ ಭಾರ ಅನ್ನಿಸ್ತು. ಪರಿಚಯದ ಅಕ್ಕಸಾಲಿಗರ ಹತ್ತಿರ ತೂಗಿಸಿದೆ: ಒಂದು 6.02 ಗ್ರಾಂ, ಇನ್ನೊಂದು 8.98. ಅಗಲ ಎರಡೂ 23 ಮಿ.ಮೀ.; ಭಾರದ್ದು ದಪ್ಪ ಇದೆ.

ಫೋಟೊ ನೋಡಿದ ಒಬ್ಬರು ಫೋನ್ ಮಾಡಿ, ಇದು ಟಂಕಸಾಲೆಯ ತಪ್ಪು, ಎರಡು ಲಕ್ಷ ಕೊಡ್ತೀವಿ, ಮೊದಲು 2,500 ರೂಪಾಯಿ ನೋಂದಣಿ ಶುಲ್ಕ ಕಟ್ಟಿ ಅಂದರು. ಅಪ್ಪ ಕಟ್ಟೋಣ ಅಂತಿದ್ದಾರೆ. ನಿಜವಾದ ತಪ್ಪೋ ಅಲ್ಲವೋ ಅಂತ ಮನೆಯಲ್ಲೇ ತಿಳಿಯೋದು ಹೇಗೆ?

ಹುಬ್ಬಳ್ಳಿ ಓದುಗ

ಒಂದು ಪೈಸೆಯನ್ನೂ ಕಟ್ಟಬೇಡಿ. ಹಳೆ ನೋಟು-ನಾಣ್ಯದ ವ್ಯವಹಾರಕ್ಕೆ ತನ್ನ ಹೆಸರಲ್ಲಿ ಶುಲ್ಕ, ಕಮಿಷನ್ ಕೇಳುವವರನ್ನು ನಂಬಬೇಡಿ ಅಂತ ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಪ್ರಕಟಣೆ ಕೊಟ್ಟಿದೆ. ಅದನ್ನು ಅಪ್ಪನಿಗೆ ತೋರಿಸಿ.

ನಿವೃತ್ತ ಕ್ಯಾಷಿಯರ್

ತಂಗಿ, ಬ್ಯಾಂಕಿನ ಕೌಂಟರಿನಲ್ಲಿ ಕೂತು ಚಿಲ್ಲರೆ ಎಣಿಸಿದವನು ನಾನು, ಈ ಭಾರ ನನ್ನ ಬೆರಳಿಗೆ ಗೊತ್ತು. 1992ರಿಂದ ಬಂದ 5 ರೂಪಾಯಿ ತಾಮ್ರ-ನಿಕ್ಕಲ್ ಮಿಶ್ರಲೋಹದ್ದು, ತೂಕ 9 ಗ್ರಾಂ. ಆಮೇಲೆ ಬಂದ ಸ್ಟೀಲಿನದು 6 ಗ್ರಾಂ. 2006ರ ಬಸವೇಶ್ವರ ನಾಣ್ಯ ಈ ಎರಡೂ ಲೋಹದಲ್ಲಿ ಬಂದಿದೆ. ನಿಮ್ಮದು ತಪ್ಪಲ್ಲ, ಅದರ ತೂಕವೇ ಅಷ್ಟು.

ನನ್ನ ಮಾತು ನಂಬಬೇಕಿಲ್ಲ, ನೀವೇ ನೋಡಿ. ಮೊದಲು ಅಯಸ್ಕಾಂತ ಹಿಡಿಯಿರಿ. ಸ್ಟೀಲಿನದು ಅಂಟುತ್ತದೆ, ತಾಮ್ರ-ನಿಕ್ಕಲ್ ಅಂಟುವುದಿಲ್ಲ. ಅದಾದ ಮೇಲೆ ಅಕ್ಕಸಾಲಿಗರ ತಕ್ಕಡಿಯ ಮೇಲೆ ಸಣ್ಣ ಲೋಟದಲ್ಲಿ ನೀರಿಟ್ಟು ಸೊನ್ನೆ ಮಾಡಿಸಿ. ನಾಣ್ಯವನ್ನು ದಾರದಲ್ಲಿ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ತಕ್ಕಡಿ ತೋರಿಸುವ ಅಂಕಿಯಿಂದ ನಾಣ್ಯದ ತೂಕವನ್ನು ಭಾಗಿಸಿ. 8.9ರ ಹತ್ತಿರ ಬಂದರೆ ತಾಮ್ರ-ನಿಕ್ಕಲ್, 7.7ರ ಆಸುಪಾಸು ಬಂದರೆ ಸ್ಟೀಲ್. ನನಗೆ ಬಹಳ ಇಷ್ಟವಾದ ಪರೀಕ್ಷೆ ಇದು, ನಾಣ್ಯಕ್ಕೆ ಒಂದು ಗೀರೂ ಬೀಳುವುದಿಲ್ಲ.

ನಿಜವಾದ ತೂಕದ ತಪ್ಪು ಅಂದರೆ ಬೇರೆ ನಾಣ್ಯಕ್ಕೆಂದು ಮಾಡಿದ ಬಿಲ್ಲೆ ಈ ಅಚ್ಚಿನಡಿ ಸಿಕ್ಕಿಬಿದ್ದದ್ದು. ಆಗ ಲೋಹ, ತೂಕ, ಅಗಲ ಆ ಇನ್ನೊಂದು ನಾಣ್ಯಕ್ಕೆ ಹೊಂದುತ್ತವೆ, ಎಷ್ಟೋ ಸಲ ಅಚ್ಚಿನ ಅಂಚೂ ಅಪೂರ್ಣವಾಗಿರುತ್ತದೆ. ಮೇಲೆ ಯಾರೋ ಲೇಪ ಹಾಕಿಸಿದ್ದರೂ ತೂಕ ಚೂರು ಏರಬಹುದು, ಆದರೆ ಮೂರು ಗ್ರಾಂ ಏರುವುದಿಲ್ಲ.

ಹುಣಸೆಹಣ್ಣು ಹಾಕಿ ಮಾತ್ರ ತಿಕ್ಕಬೇಡಿ.

ಸಂಚಿಯ ಮೊಮ್ಮಗಳು, ದಾವಣಗೆರೆ

ಅಣ್ಣ, ಇವತ್ತು ಸಂಜೆ ಅಪ್ಪನನ್ನೂ ಕರೆದುಕೊಂಡು ಹೋಗಿ ಮಾಡಿಸಿದೆ. ಭಾರದ್ದು ಅಯಸ್ಕಾಂತಕ್ಕೆ ಅಂಟಲಿಲ್ಲ, ಇನ್ನೊಂದು ಟಪ್ ಅಂತ ಅಂಟಿತು. ನೀರಿನಲ್ಲಿ ಭಾರದ್ದಕ್ಕೆ 1.01 ತೋರಿಸಿತು, ಭಾಗಿಸಿದರೆ 8.89. ಸ್ಟೀಲಿನದಕ್ಕೆ 0.78, ಅಂದರೆ 7.72. ಅಪ್ಪ ತಾವೇ ಎರಡು ಸಲ ದಾರ ಹಿಡಿದು ನೋಡಿದರು. ಅಲ್ಲೇ ನಿಂತು ಆ ಫೋನ್ ನಂಬರ್ ಬ್ಲಾಕ್ ಮಾಡಿದರು.

ಎರಡನ್ನೂ ಮತ್ತೆ ಸಂಚಿಗೇ ಹಾಕಿಟ್ಟಿದ್ದೇನೆ. ಒಳಗೆ ಸುಣ್ಣದ ಪುಡಿ ಇನ್ನೂ ಸ್ವಲ್ಪ ಇದೆ. ಅದು ನಾಣ್ಯಕ್ಕೆ ತಾಗಬಾರದು ಅಂದರೆ ಏನರಲ್ಲಿ ಸುತ್ತಿಡಲಿ?

ನಿವೃತ್ತ ಕ್ಯಾಷಿಯರ್

ಒಣ ಹತ್ತಿಬಟ್ಟೆಯಲ್ಲಿ ಒಂದೊಂದನ್ನೇ ಬೇರೆಬೇರೆ ಸುತ್ತಿಡಿ ತಾಯಿ. ಸಂಚಿ ಒಗೆಯಬೇಡಿ.